ಮ್ಯೂನಿಕ್‌ನ ರಾಕ್‌ಗೆ ಬೆಂಗಳೂರಿನ ಲೆಕ್ಕಾಚಾರ

ರಾಮನವಮಿ ಕಛೇರಿಗಳ ದಿನಗಳು. ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನದ ಚಪ್ಪರದಲ್ಲಿ ರಾತ್ರಿ ಎಂಟೂವರೆ ದಾಟಿದೆ. ಪ್ರಧಾನ ಕೃತಿಯ ಸ್ವರಪ್ರಸ್ತಾರ ಮುಗಿಸಿದ ಗಾಯಕರು ಮೃದಂಗದವರ ಕಡೆ ತಿರುಗಿ ತಲೆಯಾಡಿಸಿ, ತಾಳ ಹಾಕಲು ಸರಿಯಾಗಿ ಕೂರುತ್ತಾರೆ. ತನಿ ಆವರ್ತನ, ಅಂದರೆ ಲಯವಾದ್ಯದವರೇ ನುಡಿಸುವ ಸರದಿ, ಶುರು. ಅಷ್ಟರಲ್ಲೇ ಹಿಂದಿನ ಸಾಲುಗಳಲ್ಲಿ ಕುರ್ಚಿ ಸರಿಯುವ ಸದ್ದು. ಒಬ್ಬರು ಕಾಫಿಗೆ ಎದ್ದರು, ಇನ್ನೊಬ್ಬರಿಗೆ ಮೊಬೈಲ್ ನೆನಪಾಯಿತು, ಮತ್ತೊಬ್ಬರು ಚಪ್ಪಲಿ ಹುಡುಕಿಕೊಂಡು ಮನೆ ಕಡೆ ಹೊರಟೇಬಿಟ್ಟರು. ಕದಲದೆ ಕುಳಿತವರೆಂದರೆ ಮುಂದಿನ ಸಾಲಿನ ಕೆಲವು ಹಿರಿಯರು ಮತ್ತು ಮೃದಂಗ ಕಲಿಯುತ್ತಿರುವ ಹುಡುಗರು. ಅವರ ಬೆರಳು ಮಾತ್ರ ತೊಡೆಯ ಮೇಲೆ ಎಣಿಸುತ್ತಲೇ ಇರುತ್ತದೆ.

ನಮ್ಮ ರಸಿಕರು ಎದ್ದುಹೋಗುವ ಆ ಕಾಲು ಗಂಟೆಯ ಸರಕು 1980ರಲ್ಲಿ ಒಂದು ಜರ್ಮನ್ ರಾಕ್ ಆಲ್ಬಮ್ ಸೇರಿತು. ಆಲ್ಬಮ್ ಹೆಸರು ‘ಲೈಫ್’. ತಂಡ ಎಂಬ್ರಿಯೋ, ಅದರ ಊರು ಮ್ಯೂನಿಕ್. ಜೊತೆಗಾರರಾಗಿ ನಮೂದಾದ ಹೆಸರುಗಳು ಎರಡು: ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಮತ್ತು ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್. ಎರಡು ವರ್ಷ ಬಿಟ್ಟು, ಎಂಬ್ರಿಯೋದಿಂದಲೇ ಕವಲೊಡೆದ ಡಿಸಿಡೆಂಟೆನ್ ತಂಡ ಇದೇ ಬೆಂಗಳೂರಿಗರ ಜೊತೆ ‘ಜರ್ಮನಿಸ್ತಾನ್’ ತಂದಿತು. 1983ರಲ್ಲಿ ಮರಿಯಾನೊ ಮತ್ತು ನಮ್ಮ ಲಯವಾದ್ಯದವರು ಸೇರಿ ‘ಜ್ಯೋತಿ’ ಮಾಡಿದರು.

ಹಳೆಯ ರಾಕ್ ರೆಕಾರ್ಡ್‌ಗಳನ್ನು ಹುಡುಕಿ ಕೊಳ್ಳುವ ಯುರೋಪಿನ ಸಂಗ್ರಾಹಕರಿಗೆ ಇವು ಪರಿಚಿತ. ಅವರ ನಿರೂಪಣೆಯಲ್ಲಿ ಇದು ಜರ್ಮನ್ ರಾಕ್ ಪೂರ್ವಕ್ಕೆ ಹೊರಟ ಕಥೆ. ಬೆಂಗಳೂರಿನ ಕಡೆಯಿಂದ ನೋಡಿದರೆ ಕಥೆ ಬೇರೆಯೇ ಕಾಣುತ್ತದೆ. ಇಲ್ಲಿ ಕಲಿಸಿದವರು ನಮ್ಮವರು, ಕಲಿತವರು ಅವರು.

ಮ್ಯೂನಿಕ್ ಹುಡುಗರಿಗೆ ಏನು ಬೇಕಿತ್ತು?

1960ರ ದಶಕದ ಕೊನೆಗೆ ರಾಕ್ ಸಂಗೀತ ಮೂರು ನಿಮಿಷದ ಪ್ರೇಮಗೀತೆಯ ಚೌಕಟ್ಟು ಒಡೆದು ಹೊರಬಂದಿತ್ತು. ಎಲ್‌ಎಸ್‌ಡಿ ಕಾಲದ ಅಮಲು, ಪ್ರತಿಧ್ವನಿ, ಮುಗಿಯದ ಗಿಟಾರ್ ಆಲಾಪಗಳ ಸಂಗೀತಕ್ಕೆ ಸೈಕೆಡೆಲಿಕ್ ರಾಕ್ ಎಂದರು. ಜಾಜ್‌ನಿಂದಲೋ ಪಾಶ್ಚಾತ್ಯ ಶಾಸ್ತ್ರೀಯದಿಂದಲೋ ಸಾಲ ತಂದು, ಹಾಡಿನ ನಡುವೆ ತಾಳ ಬದಲಿಸಿ, ರೆಕಾರ್ಡಿನ ಇಡೀ ಒಂದು ಮಗ್ಗುಲು ತುಂಬುವಷ್ಟು ಉದ್ದದ ಕೃತಿ ಕಟ್ಟಿದರೆ ಅದು ಪ್ರೋಗ್ರೆಸಿವ್ ರಾಕ್. ಗೆರೆ ಎಳೆದಂಥ ವ್ಯತ್ಯಾಸ ಇರಲಿಲ್ಲ. ಎಷ್ಟೋ ತಂಡಗಳು ಎರಡೂ ಆಗಿದ್ದವು.

ಜರ್ಮನಿಯ ಹುಡುಗರಿಗೆ ಇನ್ನೊಂದು ತೊಡಕಿತ್ತು. ಅಪ್ಪಂದಿರ ಪೀಳಿಗೆ ಹಿಟ್ಲರನ ಕಾಲ ಕಂಡದ್ದು. ಆ ಪೀಳಿಗೆಯ ಹಾಡುಗಳನ್ನು ಮುಟ್ಟುವ ಹಾಗಿಲ್ಲ. ಇಂಗ್ಲೆಂಡ್-ಅಮೆರಿಕದ್ದನ್ನೇ ನಕಲು ಮಾಡುತ್ತ ಕೂರುವುದಕ್ಕೂ ಮನಸ್ಸಿಲ್ಲ. ಕಲೋನ್‌ನಲ್ಲಿ ಕ್ಯಾನ್, ಡ್ಯುಸೆಲ್ಡಾರ್ಫ್‌ನಲ್ಲಿ ಕ್ರಾಫ್ಟ್‌ವೆರ್ಕ್, ಮ್ಯೂನಿಕ್‌ನಲ್ಲಿ ಆಮೋನ್ ಡ್ಯೂಲ್ ಮತ್ತು ಪೊಪೊಲ್ ವೂ ತಮ್ಮ ತಮ್ಮ ದಾರಿ ಹುಡುಕಿಕೊಂಡವು. ಕೆಲವರು ಯಂತ್ರಗಳ ಕಡೆ ಹೋದರು, ಕೆಲವರು ದೇವಾಲಯದ ನಿಶ್ಶಬ್ದದ ಕಡೆ.

ಎಂಬ್ರಿಯೋ ಹೊರಟದ್ದು ಭೂಪಟದ ಮೇಲೆ. 1969ರಲ್ಲಿ ತಂಡ ಕಟ್ಟಿದವರು ಕ್ರಿಸ್ಟಿಯನ್ ಬುರ್ಖಾರ್ಟ್ ಮತ್ತು ಎಡ್ಗರ್ ಹಾಫ್‌ಮನ್. 1970ರ ಮೊದಲ ಆಲ್ಬಮ್ ‘ಓಪಲ್’ ಅಪ್ಪಟ ಸೈಕೆಡೆಲಿಕ್. 1972ರಲ್ಲಿ ಜರ್ಮನ್ ಸಾಂಸ್ಕೃತಿಕ ಸಂಸ್ಥೆ ಗಯಟೆ ಇನ್‌ಸ್ಟಿಟ್ಯೂಟ್‌ನ ನೆರವಿನಿಂದ ಉತ್ತರ ಆಫ್ರಿಕ ಸುತ್ತಿ ಬಂದ ಮೇಲೆ ಅವರ ಕಿವಿಯೇ ಬದಲಾಯಿತು. 1976ರಲ್ಲಿ ಇತರ ಕೆಲವು ತಂಡಗಳ ಜೊತೆ ಸೇರಿ ಸಹಕಾರಿ ರೆಕಾರ್ಡ್ ಸಂಸ್ಥೆಯೊಂದನ್ನೂ ಕಟ್ಟಿಕೊಂಡರು. ಅದೇ ಮುಂದೆ ಶ್ನೇಬಾಲ್ ಎಂಬ ಹೆಸರು ಪಡೆಯಿತು. ದೊಡ್ಡ ಕಂಪನಿಗಳ ಮಾತು ಕೇಳಬೇಕಿಲ್ಲ, ಆದರೆ ದೊಡ್ಡ ಕಂಪನಿಯ ಪ್ರಚಾರವೂ ಇಲ್ಲ. ಈ ಆಲ್ಬಮ್‌ಗಳು ಇಂದು ಅಪರೂಪವಾಗಿರುವುದಕ್ಕೆ ಅದೂ ಒಂದು ಕಾರಣ.

ಗಮನಿಸಬೇಕಾದ ಸಂಗತಿ ಏನೆಂದರೆ, ಬುರ್ಖಾರ್ಟ್ ಡ್ರಮ್ಸ್ ಮತ್ತು ವೈಬ್ರಾಫೋನ್ ನುಡಿಸುತ್ತಿದ್ದವರು. ಜಾರ್ಜ್ ಹ್ಯಾರಿಸನ್ ಗಿಟಾರ್ ಹಿಡಿದವರಾದ್ದರಿಂದ 1965ರಲ್ಲಿ ಬೀಟಲ್ಸ್ ಹಾಡಿಗೆ ಸಿತಾರ್ ತಂದರು. ಅಲ್ಲಿಂದ ಮುಂದೆ ಪಾಶ್ಚಾತ್ಯ ರಾಕ್‌ಗೆ ಭಾರತ ಎಂದರೆ ಸಿತಾರಿನ ಝೇಂಕಾರ, ತುಸು ಗಂಧದಕಡ್ಡಿಯ ಹೊಗೆ. ಎಂಬ್ರಿಯೋದ ಯಜಮಾನಿಕೆ ಲಯವಾದ್ಯದವರ ಕೈಯಲ್ಲಿತ್ತು. ಅವರಿಗೆ ಬೇಕಾದದ್ದು ಹಾಡಿನ ಮೇಲೆ ಬಳಿಯುವ ಬಣ್ಣವಲ್ಲ, ಅದರ ಎಲುಬು.

ಬಸ್ಸಿನಲ್ಲಿ ಬಂದ ತಂಡ

1978ರಲ್ಲಿ ಎಂಬ್ರಿಯೋ ತಂಡ, ಹೆಂಡತಿ ಮಕ್ಕಳು ವಾದ್ಯಗಳ ಸಮೇತ, ಬಸ್ಸುಗಳಲ್ಲಿ ಮ್ಯೂನಿಕ್‌ನಿಂದ ಭಾರತದ ಕಡೆ ಹೊರಟಿತು. ಟರ್ಕಿ, ಇರಾನ್, ಅಫ್ಘಾನಿಸ್ತಾನ, ಪಾಕಿಸ್ತಾನ ದಾಟಿ ಬರುವ ರಸ್ತೆ ಅದು. ಹತ್ತು ವರ್ಷಗಳಿಂದ ಸಾವಿರಾರು ಹಿಪ್ಪಿಗಳು ಓಡಾಡಿದ ದಾರಿಯೇ. ಎಂಬ್ರಿಯೋದವರು ನಿಂತಲ್ಲೆಲ್ಲ ಸ್ಥಳೀಯ ವಾದ್ಯಗಾರರನ್ನು ಹುಡುಕಿ ಅವರ ಜೊತೆ ಕೂತು ನುಡಿಸಿದರು, ಧ್ವನಿಮುದ್ರಿಸಿಕೊಂಡರು.

ಆ ಸಮಯವೂ ಎಂಥದು! ಕಾಬೂಲಿನಲ್ಲಿ 1978ರ ಏಪ್ರಿಲ್‌ನಲ್ಲಷ್ಟೇ ಸರ್ಕಾರ ಉರುಳಿತ್ತು. 1979ರ ಜನವರಿಯಲ್ಲಿ ಇರಾನಿನ ಶಾ ದೇಶ ಬಿಟ್ಟರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಸೋವಿಯತ್ ಸೇನೆ ಅಫ್ಘಾನಿಸ್ತಾನಕ್ಕೆ ನುಗ್ಗಿತು. ಯುರೋಪಿನಿಂದ ಭಾರತಕ್ಕೆ ಬಸ್ಸಿನಲ್ಲಿ ಬರುವ ದಾರಿ ಅಲ್ಲಿಗೆ ಮುಚ್ಚಿತು. ಒಂದು ವರ್ಷ ತಡ ಮಾಡಿದ್ದರೆ ಈ ಲೇಖನ ಬರೆಯುವ ಪ್ರಮೇಯವೇ ಇರುತ್ತಿರಲಿಲ್ಲ.

ಈ ಪಯಣದಿಂದ ‘ಎಂಬ್ರಿಯೋಸ್ ರೈಸೆ’ ಎಂಬ ಜೋಡಿ ಎಲ್‌ಪಿ ಬಂತು. ಅಂದರೆ ಎಂಬ್ರಿಯೋದ ಪ್ರವಾಸ. ವೆರ್ನರ್ ಪೆನ್ಸೆಲ್ ಇಡೀ ಯಾತ್ರೆಯನ್ನು ಚಿತ್ರೀಕರಿಸಿ ‘ವಾಗಾಬುಂಡನ್ ಕರವಾನೆ’ ಎಂಬ ಸಾಕ್ಷ್ಯಚಿತ್ರ ಮಾಡಿದರು. ಪ್ರವಾಸದ ಬೆನ್ನಲ್ಲೇ ಬಂದದ್ದು ‘ಲೈಫ್’.

ಹೆಸರಿಗಷ್ಟೇ ಕಾಲೇಜು

ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಎಂದರೆ ಗೇಟು, ಕಾವಲುಗಾರ, ಪ್ರಿನ್ಸಿಪಾಲರ ಕೊಠಡಿ ಕಲ್ಪಿಸಿಕೊಳ್ಳಬೇಡಿ. ಮೃದಂಗ ವಿದ್ವಾಂಸ ಟಿ.ಎ.ಎಸ್. ಮಣಿಯವರು 1964ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಲಯವಾದ್ಯ ಶಾಲೆ ಅದು. ಪದವಿ, ಪ್ರಮಾಣಪತ್ರಕ್ಕಿಂತ ಪಾಠವೇ ಮುಖ್ಯವಾದ ಜಾಗ. ಅವರ ಪತ್ನಿ, ಗಾಯಕಿ ಆರ್.ಎ. ರಮಾಮಣಿ ಈ ತಂಡದ ಕಂಠ. ಘಟ, ಮೋರ್ಸಿಂಗ್‌ಗೆ ಆರ್.ಎ. ರಾಜಗೋಪಾಲ್, ಖಂಜಿರಕ್ಕೆ ಟಿ.ಎನ್. ಶಶಿಕುಮಾರ್.

ಶಾಲೆಯ ಹೆಸರಲ್ಲೇ ಒಂದು ನಿಲುವು ಇದೆ. ಕಛೇರಿಯಲ್ಲಿ ಮೃದಂಗದವರು ಪಕ್ಕವಾದ್ಯದವರು. ಕರಪತ್ರದಲ್ಲಿ ಗಾಯಕರ ಹೆಸರು ದಪ್ಪಕ್ಷರದಲ್ಲಿ, ಇವರದು ಕೆಳಗೆ ಸಣ್ಣಕ್ಷರದಲ್ಲಿ. ಘಟ, ಖಂಜಿರದವರು ಉಪ ಪಕ್ಕವಾದ್ಯ. ವೇದಿಕೆಯಲ್ಲಿ ಜಾಗ ಸಾಲದಿದ್ದರೆ ಮೊದಲು ಹಿಂದಕ್ಕೆ ಸರಿಯುವವರು ಅವರೇ. ಲಯವನ್ನೇ ನಡುಮಧ್ಯಕ್ಕೆ ತಂದು, ಅದನ್ನು ಸ್ವತಂತ್ರ ವಿದ್ಯೆಯಾಗಿ ಕಲಿಸಿ, ತಾಳವಾದ್ಯ ತಂಡವಾಗಿ ವೇದಿಕೆ ಹತ್ತುವುದು ಅಂದಿನ ಬೆಂಗಳೂರಿನಲ್ಲಿ ಮಾಮೂಲಿ ಸಂಗತಿ ಆಗಿರಲಿಲ್ಲ. ಗಾಯನಸಮಾಜದ ಬೆಂಚಿನಲ್ಲಿ ಕೂತು ತಲೆದೂಗುವವರಿಗೂ ಹಾಡು ಮೊದಲು, ಉಳಿದದ್ದು ಆಮೇಲೆ.

ಅಂಥ ಶಾಲೆಗೆ ಡ್ರಮ್ಸ್ ಬಾರಿಸುವವರೇ ನಡೆಸುವ ರಾಕ್ ತಂಡವೊಂದು ಎದುರಾದರೆ? ಇಬ್ಬರಿಗೂ ದುಭಾಷಿಯ ಅಗತ್ಯವಿರಲಿಲ್ಲ.

ಸ್ಯಾಕ್ಸೊಫೋನ್ ಜೊತೆಗೆ ಓಲಗ

ಈ ಎರಡು ದಡಗಳ ನಡುವೆ ಸೇತುವೆಯಾದವರು ಚಾರ್ಲಿ ಮರಿಯಾನೊ. 1923ರಲ್ಲಿ ಬಾಸ್ಟನ್‌ನಲ್ಲಿ ಹುಟ್ಟಿದ ಇವರು ಅಮೆರಿಕದ ಜಾಜ್‌ನಲ್ಲಿ ಆಗಲೇ ಹೆಸರು ಮಾಡಿದ್ದವರು. ಸ್ಟಾನ್ ಕೆಂಟನ್ ವಾದ್ಯವೃಂದದಲ್ಲಿದ್ದರು, ಚಾರ್ಲ್ಸ್ ಮಿಂಗಸ್ ಅವರ 1963ರ ಪ್ರಖ್ಯಾತ ಆಲ್ಬಮ್‌ನಲ್ಲಿ ನುಡಿಸಿದ್ದರು, ಬರ್ಕ್ಲೀ ಸಂಗೀತ ಕಾಲೇಜಿನಲ್ಲಿ ಪಾಠ ಹೇಳಿದ್ದರು. 1960ರ ದಶಕದ ನಡುವಿನಲ್ಲಿ ಮಲೇಷ್ಯಾ ರೇಡಿಯೊದ ವಾದ್ಯವೃಂದಕ್ಕೆ ತರಬೇತಿ ಕೊಡಲು ಹೋದಾಗ, ಅಲ್ಲಿನ ದಕ್ಷಿಣ ಭಾರತೀಯರ ನಡುವೆ ನಾಗಸ್ವರ ಕೇಳಿ ಬೆರಗಾದರು. ನಲವತ್ತು ದಾಟಿದ ಮೇಲೆ ಶಿಷ್ಯವೃತ್ತಿ ಹಿಡಿದು, ದಕ್ಷಿಣ ಭಾರತಕ್ಕೂ ಬಂದು ಕಲಿತರು. ಎಂಬ್ರಿಯೋದ 1973ರ ‘ವಿ ಕೀಪ್ ಆನ್’ ಆಲ್ಬಮ್‌ನಲ್ಲಿ ಸ್ಯಾಕ್ಸೊಫೋನ್ ಜೊತೆಗೆ ನಾಗಸ್ವರವನ್ನೂ ನುಡಿಸಿದ್ದಾರೆ. ಮದುವೆ ಮಂಟಪದ ಓಲಗ ಮ್ಯೂನಿಕ್‌ನ ಎಲೆಕ್ಟ್ರಿಕ್ ಬೇಸ್ ಗಿಟಾರ್ ಪಕ್ಕ ಕೂತ ಮೊದಲ ಪ್ರಸಂಗಗಳಲ್ಲಿ ಅದೊಂದು.

ಇದಕ್ಕೆ ಸರಿ ಎದುರುಬದುರಾಗಿ ನಮ್ಮ ಕದ್ರಿ ಗೋಪಾಲನಾಥರನ್ನು ನೆನೆಯಬೇಕು. ನಾಗಸ್ವರದ ಮನೆತನದಲ್ಲಿ ಹುಟ್ಟಿ, ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ, ಅದನ್ನೇ ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದವರು ಅವರು. ಒಬ್ಬರು ಸ್ಯಾಕ್ಸೊಫೋನ್ ಹಿಡಿದು ಬಂದು ನಾಗಸ್ವರಕ್ಕೆ ಸೋತರು, ಇನ್ನೊಬ್ಬರು ನಾಗಸ್ವರದ ಮನೆಯಿಂದ ಹೊರಟು ಸ್ಯಾಕ್ಸೊಫೋನಿಗೆ ಸೋತರು. ಇಬ್ಬರೂ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ. ಕಥೆಗಾರ ಹೀಗೆ ಬರೆದಿದ್ದರೆ ಸಂಪಾದಕರು ಅತಿಯಾಯಿತು ಎಂದು ಹೊಡೆದುಹಾಕುತ್ತಿದ್ದರು.

ಮೂವತ್ತೆರಡರ ಲೆಕ್ಕ

ಹಾಗಾದರೆ ಮ್ಯೂನಿಕ್‌ನವರು ಇಲ್ಲಿಂದ ಕಲಿತದ್ದಾದರೂ ಏನು? ಅದನ್ನು ಕೈಯಿಂದಲೇ ಮಾಡಿ ನೋಡಬಹುದು.

ಆದಿತಾಳ ಹಾಕಿ. ಒಂದು ಪೆಟ್ಟು, ಕಿರುಬೆರಳು, ಉಂಗುರಬೆರಳು, ನಡುಬೆರಳು. ಆಮೇಲೆ ಪೆಟ್ಟು, ಹುಸಿ, ಪೆಟ್ಟು, ಹುಸಿ. ಒಟ್ಟು ಎಂಟು. ಒಂದೊಂದು ಎಣಿಕೆಯ ಒಳಗೆ ‘ತಕಧಿಮಿ’ ಎಂದು ನಾಲ್ಕು ಅಕ್ಷರ ಹೇಳಿದರೆ ಒಂದು ಆವರ್ತಕ್ಕೆ ಮೂವತ್ತೆರಡು. ಇಲ್ಲಿಯವರೆಗೆ ರಾಕ್ ಡ್ರಮ್ಮರ್‌ಗೂ ನಮ್ಮವರಿಗೂ ಜಗಳವಿಲ್ಲ. ಅವರದೂ ನಾಲ್ಕರ ಲೆಕ್ಕವೇ.

ಈಗ ‘ತದಿಗಿಣತೊಂ’ ಎನ್ನಿ. ಐದು ಅಕ್ಷರ. ಎರಡು ಸಲ ಹೇಳಿದರೆ ಹತ್ತು. ಆಮೇಲೆ ಒಂದಕ್ಷರದಷ್ಟು ಸುಮ್ಮನಿರಿ. ಮತ್ತೆ ಹತ್ತು, ಮತ್ತೆ ಒಂದು ಮೌನ, ಮತ್ತೆ ಹತ್ತು. ಕೂಡಿಸಿ: ಹತ್ತು ಮೂರು ಸಲ ಮೂವತ್ತು, ಮೌನ ಎರಡು, ಒಟ್ಟು ಮೂವತ್ತೆರಡು. ಸಮದಲ್ಲಿ, ಅಂದರೆ ತಾಳದ ಮೊದಲ ಪೆಟ್ಟಿನಲ್ಲಿ, ಹೊರಟವರು ಒಂದು ಆವರ್ತ ಮುಗಿದು ಸರಿಯಾಗಿ ಮತ್ತೆ ಸಮಕ್ಕೆ ಬಂದು ಬೀಳುತ್ತೀರಿ. ಆದರೆ ದಾರಿಯಲ್ಲಿ ಏನಾಯಿತು ನೋಡಿ. ಎರಡನೆಯ ಹತ್ತು ಹೊರಟದ್ದು ಮೂರನೇ ಎಣಿಕೆಯಲ್ಲಿ ಕಾಲುಭಾಗ ಉಳಿದಿದ್ದಾಗ. ಮೂರನೆಯ ಹತ್ತು ಹೊರಟದ್ದು ಆರನೇ ಎಣಿಕೆಯ ನಟ್ಟನಡುವೆ. ಕೈ ಒಂದು ಕಡೆ, ಬಾಯಿ ಇನ್ನೊಂದು ಕಡೆ. ಕೇಳುವವರಿಗೆ ತಾಳ ತಪ್ಪಿತೇನೋ ಎಂಬ ಆತಂಕ. ಅಷ್ಟರಲ್ಲಿ ಎರಡೂ ಒಂದೇ ಕಡೆ ಬಂದು ಸೇರುತ್ತವೆ. ಹೀಗೆ ಒಂದೇ ಮಾತನ್ನು ಮೂರು ಸಲ ಹೇಳಿ ಸಮಕ್ಕೆ ತರುವುದಕ್ಕೆ ಮುಕ್ತಾಯ, ತೀರ್ಮಾನ ಎಂಬ ಹೆಸರುಗಳಿವೆ. ಇದು ಪಾಠದ ಮೊದಲ ಮೆಟ್ಟಿಲು. ತನಿಯಲ್ಲಿ ಇದೇ ಲೆಕ್ಕಾಚಾರ ಎರಡು, ನಾಲ್ಕು ಆವರ್ತಗಳಿಗೆ ಹಿಗ್ಗುತ್ತದೆ; ನಡೆ ಮೂರಕ್ಕೋ ಐದಕ್ಕೋ ತಿರುಗುತ್ತದೆ.

ಈ ನಡೆಗಳ ಹೆಸರು ಹೀಗೆ: ತಿಶ್ರ ಮೂರು, ಚತುರಶ್ರ ನಾಲ್ಕು, ಖಂಡ ಐದು, ಮಿಶ್ರ ಏಳು, ಸಂಕೀರ್ಣ ಒಂಬತ್ತು. ಪಿಂಕ್ ಫ್ಲಾಯ್ಡ್ ತಂಡ 1973ರಲ್ಲಿ ‘ಮನಿ’ ಹಾಡನ್ನು ಏಳರ ಎಣಿಕೆಯಲ್ಲಿ ಕಟ್ಟಿದ್ದು ರಾಕ್ ಪ್ರಪಂಚದಲ್ಲಿ ಇಂದಿಗೂ ಮಾತಾಡಿಕೊಳ್ಳುವ ವಿಷಯ. ಬಸವನಗುಡಿಯಲ್ಲಿ ಪೂಜೆಯ ಹೊತ್ತಿಗೆ ಹೂ ಕಟ್ಟುತ್ತಾ ಅಜ್ಜಿ ಗುನುಗುವ ದೇವರನಾಮ ಮಿಶ್ರಛಾಪಿನಲ್ಲಿದ್ದರೆ ಅದೂ ಏಳೇ. ಅಜ್ಜಿ ಎಣಿಸುವುದೂ ಇಲ್ಲ.

ಬಾಯಲ್ಲಿ ಹೇಳುವ ಈ ವಿದ್ಯೆಗೆ ಕೊನ್ನಕ್ಕೋಲು ಎನ್ನುತ್ತಾರೆ. ವಿದೇಶಿ ವಾದಕರನ್ನು ಹಿಡಿದು ನಿಲ್ಲಿಸಿದ್ದು ಇದೇ. ಪಾಶ್ಚಾತ್ಯ ಡ್ರಮ್ಮರ್ ಕಲಿಯುವುದು ಕಾಗದ ನೋಡಿ, ಇಲ್ಲವೇ ಕೇಳಿ ಕೈಗೆ ಅಭ್ಯಾಸ ಮಾಡಿಸಿ. ಇಲ್ಲಿ ಮೊದಲು ಬಾಯಿಗೆ ಬರಬೇಕು, ಆಮೇಲೆ ಕೈಗೆ. ಬಾಯಿಗೆ ಬಂದ ಜತಿಯನ್ನು ಮೃದಂಗಕ್ಕೆ ಮಾತ್ರ ಕಟ್ಟಿಹಾಕಬೇಕಿಲ್ಲ. ಡ್ರಮ್ಸ್, ಬೇಸ್, ಸ್ಯಾಕ್ಸೊಫೋನ್ ಯಾವುದಕ್ಕೂ ಇಳಿಸಬಹುದು. ಭಾಷೆ ಬಾರದ ಇಬ್ಬರು ಎದುರುಬದುರು ಕೂತು ಬೆಳಗಿನಿಂದ ಸಂಜೆಯವರೆಗೆ ‘ಮಾತಾಡಬಹುದು’.

ಬೆಸುಗೆ ಸಲೀಸಾಗಿ ಆಗುವಂಥದ್ದಲ್ಲ. ನಮ್ಮ ಸಂಗೀತ ಒಂದೇ ಆಧಾರ ಶ್ರುತಿಯ ಮೇಲೆ ನಿಲ್ಲುತ್ತದೆ. ಮೃದಂಗದ ಬಲಮೈಯನ್ನೂ ಆ ಶ್ರುತಿಗೇ ಕೂಡಿಸಬೇಕು. ರಾಕ್‌ನಲ್ಲಿ ಗಿಟಾರ್, ಕೀಬೋರ್ಡ್‌ಗಳ ಸ್ವರಮೇಳ ನಾಲ್ಕು ಮಾತ್ರೆಗೊಮ್ಮೆ ಜಾಗ ಬದಲಿಸುತ್ತದೆ. ಜೊತೆಗೆ ಸದ್ದಿನ ಸಮಸ್ಯೆ ಬೇರೆ. ಒಂದು ಕಡೆ ಆಂಪ್ಲಿಫೈಯರ್ ಹಾಕಿದ ಬೇಸ್ ಗಿಟಾರ್, ಕಂಚಿನ ಸಿಂಬಲ್. ಇನ್ನೊಂದು ಕಡೆ ಹೊಟ್ಟೆಗೆ ಒತ್ತಿ ಹಿಡಿದ ಮಣ್ಣಿನ ಘಟ. ಮೈಕು ಹತ್ತಿರ ತಂದರೆ ಘಟದ ಗುಮುಕಿ, ಅಂದರೆ ಅದರ ತಗ್ಗಿನ ನಾದ, ಹಾಳು, ದೂರ ಇಟ್ಟರೆ ಘಟವೇ ಮಾಯ. ಈ ಬಗೆಯ ಹೆಚ್ಚಿನ ಪ್ರಯೋಗಗಳು ಸೋಲುವುದು ರಾಗದಲ್ಲಲ್ಲ, ಮೈಕಿನಲ್ಲಿ.

ಪೇಟೆ ಒಂದು ಕಡೆ, ದಂಡು ಒಂದು ಕಡೆ

ರಾಕ್ ಬೆಂಗಳೂರಿಗೆ ಜರ್ಮನ್ ಬಸ್ಸಿನಲ್ಲಿ ಬಂದದ್ದೇನಲ್ಲ. ಊರು ಆಗ ಎರಡಾಗಿತ್ತು. 1949ರಲ್ಲಿ ಕಾಗದದ ಮೇಲೆ ಒಂದೇ ಕಾರ್ಪೊರೇಷನ್ ಆಯಿತು, ನಿಜ, ಕಿವಿಗಳು ಒಂದಾಗಿರಲಿಲ್ಲ. ಕಬ್ಬನ್ ಪಾರ್ಕಿನ ಈಚೆ ಮಲ್ಲೇಶ್ವರ, ಬಸವನಗುಡಿ, ಚಾಮರಾಜಪೇಟೆಗಳಲ್ಲಿ ಉತ್ಸವದ ಕಛೇರಿ, ಹರಿಕಥೆ, ಸುಗಮ ಸಂಗೀತ. ಆಚೆ ದಂಡು ಪ್ರದೇಶದಲ್ಲಿ ಎಂ.ಜಿ. ರಸ್ತೆಯ ಹೋಟೆಲುಗಳ ಬ್ಯಾಂಡು, ಚರ್ಚಿನ ಪಿಯಾನೊ, ಆಂಗ್ಲೊ ಇಂಡಿಯನ್ ಮನೆಗಳ ಗಿಟಾರ್. ಈಚೆಯವರು ಆಚೆ ಹೋದರೆ ಸಿನಿಮಾಕ್ಕೆ. ಆಚೆಯವರು ಈಚೆ ಬಂದರೆ ಕಡಲೆಕಾಯಿ ಪರಿಷೆಗೆ.

ಈ ಗೆರೆ ದಾಟಿದವರಲ್ಲಿ ರಮೇಶ್ ಶೋಥಂ ಒಬ್ಬರು. 1948ರಲ್ಲಿ ಮದ್ರಾಸಿನಲ್ಲಿ ಹುಟ್ಟಿದ ಇವರು ಸೋದರ ಸುರೇಶ್ ಜೊತೆ ಕಟ್ಟಿದ ಹ್ಯೂಮನ್ ಬಾಂಡೇಜ್, 1970ರ ದಶಕದ ಭಾರತೀಯ ರಾಕ್ ತಂಡಗಳಲ್ಲಿ ದೊಡ್ಡ ಹೆಸರು. ರಾಧಾ ಥಾಮಸ್ ಅದರ ಗಾಯಕಿ. ಡ್ರಮ್ಸ್ ಬಾರಿಸುತ್ತಿದ್ದ ರಮೇಶ್ ಮುಂದೆ ಬಂದದ್ದು ಇದೇ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್‌ಗೆ. ನಾಗಸ್ವರದ ಜೊತೆ ಬಾರಿಸುವ ತವಿಲ್‌ನಲ್ಲಿ, ಅಂದರೆ ನಮ್ಮ ಓಲಗದವರ ಡೋಲಿನಲ್ಲಿ, ಪಳಗಿದರು. ಆಮೇಲೆ ಎಂಬ್ರಿಯೋ ಜೊತೆ ನುಡಿಸಿ, ಜರ್ಮನಿಯ ಕಲೋನ್‌ನಲ್ಲಿ ನೆಲೆ ನಿಂತರು.

ಭಾರತದ ರಾಕ್ ತಂಡಗಳಿಗೆ ಆ ಕಾಲದಲ್ಲಿ ರೆಕಾರ್ಡ್ ಮಾಡುವ ಅವಕಾಶವೇ ಅಪರೂಪ. ಸಿಗರೇಟು ಕಂಪನಿಯ ಪ್ರಾಯೋಜಕತ್ವದ ಸಿಮ್ಲಾ ಬೀಟ್ ಸ್ಪರ್ಧೆಯಲ್ಲಿ ಗೆದ್ದ ತಂಡಗಳ ಹಾಡುಗಳನ್ನು ಸೇರಿಸಿ 1970 ಮತ್ತು 1971ರಲ್ಲಿ ಎಲ್‌ಪಿ ಮಾಡಿದ್ದು ಬಿಟ್ಟರೆ, ಹೇಳಿಕೊಳ್ಳುವಂಥದ್ದು ಕಡಿಮೆ. ನಮ್ಮ ಊರಿನ ಲಯ ಸೈಕೆಡೆಲಿಕ್ ರಾಕ್‌ನ ರೆಕಾರ್ಡ್ ಇತಿಹಾಸ ಸೇರಲು ಮ್ಯೂನಿಕ್ ಸುತ್ತಿಕೊಂಡು ಹೋಗಬೇಕಾಯಿತು.

ಮೂರು ರೆಕಾರ್ಡ್, ಮೂರು ಹದ

‘ಲೈಫ್’ ಇನ್ನೂ ಎಂಬ್ರಿಯೋದ್ದೇ ಆಲ್ಬಮ್. ಮನೆ ಅವರದು, ಅತಿಥಿಗಳು ನಮ್ಮವರು. ‘ಜರ್ಮನಿಸ್ತಾನ್’ ಬರುವ ಹೊತ್ತಿಗೆ ಲೆಕ್ಕ ಬದಲಾಗಿತ್ತು. ಎಂಬ್ರಿಯೋದ ಉವೆ ಮ್ಯುಲ್‌ರಿಖ್, ಫ್ರೀಡೊ ಯೋಶ್ ಹೊರಬಂದು, ಡ್ರಮ್ಮರ್ ಮಾರ್ಲಾನ್ ಕ್ಲೈನ್ ಜೊತೆ ಸೇರಿ ಡಿಸಿಡೆಂಟೆನ್ ಕಟ್ಟಿದ್ದರು. ಅವರ ಚೊಚ್ಚಲ ಆಲ್ಬಮ್ ಇದು. ಬೆಂಗಳೂರಿನ ಶಾಲೆಯ ಹೆಸರು ತಂಡದ ಹೆಸರಿನ ಜೊತೆಯಲ್ಲೇ ಇದೆ. ಡಿಸಿಡೆಂಟೆನ್ ಮುಂದೆ ಮೊರಾಕ್ಕೊ ಕಡೆ ತಿರುಗಿ 1984ರ ‘ಸಹಾರಾ ಎಲೆಕ್ಟ್ರಿಕ್’ ಮೂಲಕ ಹೆಸರು ಗಳಿಸಿತು. ಆ ತಂಡದ ಬಗ್ಗೆ ಬರೆಯುವವರು ಮೊರಾಕ್ಕೊವನ್ನು ಪುಟಗಟ್ಟಲೆ ವರ್ಣಿಸಿ ಬೆಂಗಳೂರನ್ನು ಒಂದು ಸಾಲಿನಲ್ಲಿ ಮುಗಿಸುವುದು ನನಗಂತೂ ಅನ್ಯಾಯವಾಗಿ ಕಾಣುತ್ತದೆ.

ಲಂಡನ್‌ನ ಪಬ್ ಒಂದರಲ್ಲಿ ಸಣ್ಣ ರೆಕಾರ್ಡ್ ಕಂಪನಿಗಳವರು ಕೂತು, ಅಂಗಡಿಯಲ್ಲಿ ಇಂಥವನ್ನು ಯಾವ ಕಪಾಟಿನಲ್ಲಿಡಬೇಕೆಂದು ಚರ್ಚಿಸಿ ‘ವರ್ಲ್ಡ್ ಮ್ಯೂಸಿಕ್’ ಎಂಬ ಹಣೆಪಟ್ಟಿ ಹಚ್ಚಿದ್ದು 1987ರಲ್ಲಿ. ‘ಜರ್ಮನಿಸ್ತಾನ್’ ಆಗಲೇ ಐದು ವರ್ಷ ಹಳತು.

‘ಜ್ಯೋತಿ’ಯಲ್ಲಿ ರಾಕ್ ಪೂರ್ತಿ ಕರಗಿದೆ. ಡ್ರಮ್ಸ್ ಇಲ್ಲ, ಬೇಸ್ ಗಿಟಾರ್ ಇಲ್ಲ, ಕೀಬೋರ್ಡ್ ಇಲ್ಲ. ಮರಿಯಾನೊ ಅವರ ಸ್ಯಾಕ್ಸೊಫೋನ್ ಮತ್ತು ಕೊಳಲು, ರಮಾಮಣಿಯವರ ಕಂಠ ಮತ್ತು ತಂಬೂರಿ, ಮಣಿಯವರ ಮೃದಂಗ, ರಾಜಗೋಪಾಲ್ ಮತ್ತು ಶಶಿಕುಮಾರ್ ಅವರ ಘಟ, ಮೋರ್ಸಿಂಗ್, ಖಂಜಿರ, ಕೊನ್ನಕ್ಕೋಲು. ಅಷ್ಟೇ. 1983ರ ಫೆಬ್ರವರಿಯಲ್ಲಿ ಜರ್ಮನಿಯ ಲುಡ್ವಿಗ್ಸ್‌ಬುರ್ಗ್‌ನ ಸ್ಟುಡಿಯೊದಲ್ಲಿ ಧ್ವನಿಮುದ್ರಣ. ನಿರ್ಮಾಪಕ ಮಾನ್‌ಫ್ರೆಡ್ ಐಖರ್, ಸಂಸ್ಥೆ ಇಸಿಎಂ. ಅದೂ ಮ್ಯೂನಿಕ್‌ನದೇ, ಎಂಬ್ರಿಯೋ ಹುಟ್ಟಿದ 1969ರಲ್ಲೇ ಆರಂಭವಾದದ್ದು. ಆಲ್ಬಮ್ ಶುರುವಾಗುವುದು ರಮಾಮಣಿಯವರ ಏಕಕಂಠದಿಂದ. ಅಮೆರಿಕದ ಹೆಸರಾಂತ ಸ್ಯಾಕ್ಸೊಫೋನ್ ವಾದಕ ಬಾಯಿಮುಚ್ಚಿ ಕಾದು, ಆಮೇಲೆ ಸೇರಿಕೊಳ್ಳುತ್ತಾರೆ.

ಮೈಕಿನ ತಕರಾರು ಹೇಳಿದೆನಲ್ಲ, ಅದಕ್ಕೆ ಉತ್ತರ ಈ ರೆಕಾರ್ಡಿನಲ್ಲಿದೆ. ಜೋರು ವಾದ್ಯಗಳನ್ನೇ ಹೊರಗಿಟ್ಟರೆ ಘಟದ ಪ್ರತಿ ಪೆಟ್ಟೂ ಕೇಳುತ್ತದೆ. ಮೂರರಲ್ಲಿ ಗಟ್ಟಿಯಾದದ್ದು ಇದೇ ಎಂಬುದು ನನ್ನ ತೀರ್ಪು. ಪ್ರಯೋಗವಾಗಿ, ಧೈರ್ಯವಾಗಿ ನೋಡಿದರೆ ‘ಜರ್ಮನಿಸ್ತಾನ್’ ಮುಂದೆ.

1975ರಲ್ಲಿ ಜಾನ್ ಮೆಕ್‌ಲಾಫ್ಲಿನ್, ಎಲ್. ಶಂಕರ್, ಜಾಕಿರ್ ಹುಸೇನ್, ವಿಕ್ಕು ವಿನಾಯಕರಾಂ ಸೇರಿ ನುಡಿಸಿದ ಶಕ್ತಿ ತಂಡ ಇದಕ್ಕೆ ಮೊದಲೇ ದಕ್ಷಿಣದ ಲಯವನ್ನು ಜಗತ್ತಿಗೆ ಕೇಳಿಸಿತ್ತು ಎಂಬುದು ನಿಜ. ಆದರೆ ಅಲ್ಲಿದ್ದವರು ದೊಡ್ಡ ಕಂಪನಿಯ ಬೆಂಬಲವಿದ್ದ ತಾರೆಗಳು. ಇಲ್ಲಿ ಹೋದದ್ದು ಒಂದು ಊರಿನ ಒಂದು ಪಾಠಶಾಲೆ, ಇಡಿಯಾಗಿ.

ಯಾರ ಖಾತೆಗೆ ಜಮಾ?

ಈ ನಂಟು ಅಲ್ಲಿಗೇ ತುಂಡಾಗಲಿಲ್ಲ. ಮರಿಯಾನೊ ಬೆಂಗಳೂರಿನವರ ಜೊತೆ ದಶಕಗಳ ಕಾಲ ನುಡಿಸಿದರು. ಪಿಯಾನೊ ವಾದಕ ಮೈಕ್ ಹೆರ್ಟಿಂಗ್ ಈ ವಿದ್ವಾಂಸರನ್ನು ಜರ್ಮನ್ ರೇಡಿಯೊ ಡಬ್ಲ್ಯುಡಿಆರ್‌ನ ಬಿಗ್ ಬ್ಯಾಂಡ್ ಎದುರು ಕೂರಿಸಿ ಮಾಡಿದ ಆಲ್ಬಮ್‌ನ ಹೆಸರೇ ‘ಸ್ಕೆಚಸ್ ಆಫ್ ಬ್ಯಾಂಗಲೋರ್’. ಇಂದು ಕೊನ್ನಕ್ಕೋಲು ಕಲಿಯುವ ಪಾಶ್ಚಾತ್ಯ ಡ್ರಮ್ಮರ್‌ಗಳಿಗೆ ಲೆಕ್ಕವಿಲ್ಲ. ಅವರಲ್ಲಿ ಎಷ್ಟೋ ಮಂದಿ ನೇರ ಬೆಂಗಳೂರು, ಚೆನ್ನೈಗೆ ವಿಮಾನ ಹತ್ತುತ್ತಾರೆ.

ನಮ್ಮ ಕಡೆ ಇದನ್ನು ಗಣನೆಗೆ ತೆಗೆದುಕೊಂಡವರು ಕಡಿಮೆ. ಶಾಸ್ತ್ರೀಯದವರಿಗೆ ಇದು ಫ್ಯೂಷನ್. ಆ ಮಾತನ್ನು ತುಸು ಮೂಗು ಮುರಿದೇ ಹೇಳುತ್ತಾರೆ. ರಾಕ್ ಅಭಿಮಾನಿಗಳಿಗೆ ಬೆಂಗಳೂರಿನ ರಾಕ್ ಇತಿಹಾಸ ಎಂದರೆ ದಂಡು ಪ್ರದೇಶದ ಕ್ಲಬ್ಬುಗಳು, ಆಮೇಲೆ ಅರಮನೆ ಮೈದಾನದ ಜಾತ್ರೆಯಂಥ ಕಾರ್ಯಕ್ರಮಗಳು. ಎರಡೂ ಪಟ್ಟಿಗಳಲ್ಲಿ ಈ ಹೆಸರುಗಳು ಬಿಟ್ಟುಹೋಗುತ್ತವೆ. ತಾಳ, ಜತಿ, ಮುಕ್ತಾಯಗಳನ್ನು ಅಡ್ಡಾದಿಡ್ಡಿ ಕಲಬೆರಕೆ ಮಾಡದೆ, ಶಾಸ್ತ್ರ ಶಾಸ್ತ್ರವಾಗಿಯೇ ಉಳಿದು ರಾಕ್ ತಂಡದ ಬೆನ್ನೆಲುಬಾದ ಉದಾಹರಣೆ ಆ ಕಾಲದಲ್ಲಿ ಬೇರೆ ಎಷ್ಟಿದೆ?

ಮರಿಯಾನೊ 2009ರಲ್ಲಿ ಕಲೋನ್‌ನಲ್ಲಿ ತೀರಿಕೊಂಡರು. ಬುರ್ಖಾರ್ಟ್ 2018ರಲ್ಲಿ, ಮಣಿಯವರು 2020ರಲ್ಲಿ ಹೋದರು. ಎಂಬ್ರಿಯೋ ಇನ್ನೂ ಇದೆ. ಬುರ್ಖಾರ್ಟ್ ಅವರ ಮಗಳು ಮಾರ್ಯಾ ಅದನ್ನು ನಡೆಸುತ್ತಿದ್ದಾರೆ.

ಕೇಳಬೇಕೆನ್ನುವವರು ‘ಜ್ಯೋತಿ’ಯಿಂದ ಶುರು ಮಾಡಿ. ಇಸಿಎಂ ತನ್ನ ಭಂಡಾರವನ್ನು 2017ರಲ್ಲೇ ಸ್ಟ್ರೀಮಿಂಗ್‌ಗೆ ಬಿಟ್ಟಿದೆ, ಹುಡುಕುವ ಕಷ್ಟವಿಲ್ಲ. ಅದು ಕಿವಿಗೆ ಹಿಡಿಸಿದ ಮೇಲೆ ‘ಜರ್ಮನಿಸ್ತಾನ್’, ಆಮೇಲೆ ‘ಲೈಫ್’. ಮೊದಲೇ ಎಂಬ್ರಿಯೋಗೆ ಕೈ ಹಾಕಿದರೆ ಅರ್ಧದಲ್ಲಿ ಎದ್ದುಹೋಗುವ ಅಪಾಯ ಇದ್ದೇ ಇದೆ.

ಇನ್ನೊಂದು ಮಾತು ಹಳೆ ಬಡಾವಣೆಗಳ ಓದುಗರಿಗೆ. 1970-80ರ ದಶಕದ ಕಛೇರಿ ಕರಪತ್ರ, ಸ್ಪೂಲ್ ಟೇಪು, ಕ್ಯಾಸೆಟ್, ಫೋಟೊಗಳು ಮನೆಯ ಅಟ್ಟದಲ್ಲಿದ್ದರೆ, ಮನೆ ಕೆಡವಿ ಅಪಾರ್ಟ್‌ಮೆಂಟ್ ಕಟ್ಟಿಸುವ ಭರದಲ್ಲಿ ಗುಜರಿಗೆ ಹಾಕಬೇಡಿ. ಜೆ.ಪಿ. ನಗರದಲ್ಲಿ 2019ರಿಂದ ಸಂಗೀತಕ್ಕೆಂದೇ ಒಂದು ಮ್ಯೂಸಿಯಂ ಇದೆ. ಗುಜರಿಗೆ ಕೊಡುವ ಮುಂಚೆ ಅಲ್ಲಿಯವರನ್ನೋ, ಪರಿಚಯದ ವಿದ್ವಾಂಸರನ್ನೋ ಒಮ್ಮೆ ಕೇಳಿ.